ಇಪ್ಪತ್ತನೆಯ ಚೀಲ

"ಕಬ್ಬಿಣ ಉಜ್ಜುವ ಕಾಗದವನ್ನು ನನ್ನ ಮಗಳ ಕೈಗೆ ಕೊಟ್ಟವರು ಯಾರು?!"

ಬಾಗಿಲಲ್ಲಿ ನಿಂತ ಗಂಡಸಿನ ದನಿಗೆ ವಿಲ್ಮಾಳ ಕೈಯಿಂದ ಕತ್ತರಿ ಜಾರಿ ಬಿತ್ತು.

ಎತ್ತರದ ಆಳು. ಬೂಟಿನ ತುಂಬ ಧೂಳು. ಮರುಭೂಮಿಯಾಚೆಯ ದುಕ್ಮ್ ಬಂದರಿನಿಂದ ಕಂಪನಿ ಬಸ್ಸಿನಲ್ಲಿ ಇಡೀ ದಿನ ಕುಳಿತು ಬಂದ ದಣಿವು ಕಣ್ಣಲ್ಲಿ ಕೆಂಪಾಗಿ ನಿಂತಿತ್ತು. ಇವನೇ ಇರಬೇಕು ಇಸಾಬೆಲ್ಲಾಳ ಅಪ್ಪ, ಕ್ಲೇಟನ್.

"ನಾನು ಕೊಟ್ಟದ್ದು," ವಿಲ್ಮಾ ಎದ್ದು ನಿಂತಳು. "ಅದು ಅಕ್ಷರ. ಕತ್ತರಿಸಿ ರಟ್ಟಿಗೆ ಅಂಟಿಸಿದ್ದೇನೆ. ಬರೆಯುವ ಮೊದಲು ಮಗು ಬೆರಳಲ್ಲಿ ಮುಟ್ಟಿ ಕಲಿಯಬೇಕು."

"ಮುಟ್ಟಿ ಕಲಿಯುವುದಾ? ನನ್ನ ಬೆರಳು ನೋಡಿ ಟೀಚರ್! ಹದಿನೈದು ವರ್ಷದಿಂದ ಪೈಪಿಗೆ ಇದನ್ನೇ ಉಜ್ಜುತ್ತಾ ಇದ್ದೇನೆ. ನಾನು ಎಂತ ಕಲಿತೆ?"

ವಿಲ್ಮಾಳಿಗೆ ನಗು ಬಂತು. ಈ ಮನುಷ್ಯನ ಎದುರು ನಗಬಾರದು ಎಂದು ತುಟಿ ಕಚ್ಚಿಕೊಂಡಳು.

ಅಷ್ಟರಲ್ಲಿ ನೆಲದ ಮೇಲಿದ್ದ ಪುಟ್ಟಿ ಇಸಾ ಎದ್ದು ಬಂದಳು. ನಾಲ್ಕು ತುಂಬಲು ಇನ್ನೂ ಎರಡು ತಿಂಗಳಿರುವ ಕೂಸು. ಹದಿನೈದು ದಿನಕ್ಕೊಮ್ಮೆ ಬರುವ ಅಪ್ಪನ ಹತ್ತಿರ ಹೋಗಲು ಪ್ರತಿ ಸಲವೂ ಮೊದಲ ಅರ್ಧ ಗಂಟೆ ನಾಚುವವಳು. ಇವತ್ತು ನೇರ ಹೋಗಿ ಅವನ ಅಂಗೈ ಬಿಡಿಸಿದಳು. ರಟ್ಟಿನ ಮೇಲಿನ 'ಅ' ಎಂಬ ಒರಟು ಅಕ್ಷರವನ್ನು ಒಮ್ಮೆ ಮುಟ್ಟಿದಳು, ಅಪ್ಪನ ಅಂಗೈಯನ್ನು ಒಮ್ಮೆ ಮುಟ್ಟಿದಳು.

"ಸೇಮ್!" ಎಂದಳು. "ಪಪ್ಪಾ ಕೈ!"

ಕ್ಲೇಟನ್‌ನ ಸಿಟ್ಟು ಎಲ್ಲಿ ಹೋಯಿತೋ... ಅವನು ಮೊಣಕಾಲೂರಿ ಕುಳಿತುಬಿಟ್ಟ.

ಅಡುಗೆಮನೆಯಿಂದ ಅವನ ಅಕ್ಕ ಪ್ರೆಸಿಲ್ಲಾ ಸೌಟು ಹಿಡಿದೇ ಬಂದಳು. "ಸಾಯ್ಬಾ ಭೊಗೊಸ್, ದೇವರೇ ಕ್ಷಮಿಸು! ಬಂದವನಿಗೆ ನೀರು ಕುಡಿಯಲಿಕ್ಕೆ ಪುರುಸೊತ್ತಿಲ್ಲ, ಜಗಳ ಮಾಡಲಿಕ್ಕೆ ಉಂಟು. ಇವಳು ಎದುರು ಫ್ಲಾಟಿನ ವಿಲ್ಮಾ ಮಾರಾಯ. ನಿನಗಾಗಿಯೇ ಕರೆಸಿದ್ದು."

ಒಮಾನ್ ರಾಜಧಾನಿಯ ಅಲ್ ಅಜೈಬಾ ಬಡಾವಣೆಯ ಆ ಮನೆಯಲ್ಲಿ ಆಗ ನಡೆಯುತ್ತಿದ್ದ ಸಂಗತಿ ಇಷ್ಟು. ಇಸಾಳ ತಾಯಿ ರೋಸ್ ತೀರಿಕೊಂಡು ಎರಡು ವರ್ಷ. ಅಂದಿನಿಂದ ಮಗು ಪ್ರೆಸಿಲ್ಲಾಳ ಮಡಿಲಲ್ಲಿ. ಈಗ ಪ್ರೆಸಿಲ್ಲಾಳ ಗಂಡನ ಕೆಲಸ ಮುಗಿದು, ಎರಡು ತಿಂಗಳಲ್ಲಿ ಅವರು ಮಂಗಳೂರಿಗೆ ಹೊರಟಿದ್ದರು. ಮಗು ಅತ್ತೆಯ ಜೊತೆ ಊರಿಗೆ ಹೋಗಬೇಕು, ಇಲ್ಲವೇ ಅಪ್ಪನ ಜೊತೆ ದುಕ್ಮ್‌ಗೆ. ಅಲ್ಲಿ ಕಂಪನಿ ಮನೆ ಕೊಟ್ಟಿತ್ತು. ಆದರೆ ಅಲ್ಲಿಂದ ಪುಟ್ಟ ಮಕ್ಕಳನ್ನು ಶಾಲೆಗೆ ಕಳಿಸುವ ದಾರಿ ಇರಲಿಲ್ಲ.

"ಹಗಲು ಪಕ್ಕದ ಮನೆಯ ಕಾಂತಾಮಣಿಯಮ್ಮ ನೋಡಿಕೊಳ್ಳುತ್ತಾರೆ. ಮೂರು ಗಂಟೆಗೆ ನನ್ನ ಶಿಫ್ಟ್ ಮುಗೀತದೆ. ನಾನೇ ಕಲಿಸ್ತೇನೆ," ಎಂದು ಕ್ಲೇಟನ್ ಹಟ ಹಿಡಿದಿದ್ದ.

"ಎಂತ ಕಲಿಸ್ತೀ? ಬೋಲ್ಟ್ ತಿರುಗಿಸಲಿಕ್ಕಾ? ವಾರ ವಾರದ ಪ್ಲಾನ್ ನನ್ನ ಕಣ್ಣಿಗೆ ಕಂಡರೆ ಮಗು ನಿನ್ನದು. ಇಲ್ಲದಿದ್ದರೆ ಖಲಾಸ್, ನಾನು ಕರ್ಕೊಂಡು ಹೋಗ್ತೇನೆ."

ಆ ಪ್ಲಾನ್ ಬರೆಯಲು ಸಿಕ್ಕಿದವಳು ವಿಲ್ಮಾ. ಮೂವತ್ತಾರು ವರ್ಷ, ಮದುವೆಯಾಗಿಲ್ಲ. ಅವಳು ಕಲಿಸುತ್ತಿದ್ದ ಪುಟ್ಟ ನರ್ಸರಿ ಮುಚ್ಚಿತ್ತು. ಅವಳ ವೀಸಾಕ್ಕೆ ಜವಾಬ್ದಾರನಾದ ಮಾಲೀಕ, ಕಫೀಲ್, ಎರಡು ತಿಂಗಳ ಗಡುವು ಕೊಟ್ಟಿದ್ದ. ಆಮೇಲೆ ಅವಳ ವೀಸಾವೂ ಮುಗಿಯಿತು, ಒಮಾನ್ ಕೂಡ.

ಮುಂದಿನ ಸಲ ಕ್ಲೇಟನ್ ಬಂದಾಗ ಕೈಯಲ್ಲಿ ಸೂಪರ್‌ಮಾರ್ಕೆಟಿನ ದೊಡ್ಡ ಚೀಲ. ಎ ಬಿ ಸಿ ಪುಸ್ತಕ, ಒಂದರಿಂದ ನೂರರ ಪುಸ್ತಕ, ಗುಂಡಿ ಒತ್ತಿದರೆ ಹಾಡುವ ಚಾರ್ಟು.

ವಿಲ್ಮಾ ಒಂದೊಂದನ್ನೇ ತೆಗೆದು ಪಕ್ಕಕ್ಕಿಟ್ಟಳು. "ಇದು ಬೇಡ. ಇದು ಎರಡು ವರ್ಷ ಬೇಡ. ಇದು... ಯಾವತ್ತೂ ಬೇಡ."

"ಮತ್ತೆ ಎಂತ ಬೇಕು?"

"ಎರಡು ಸ್ಟೀಲ್ ಲೋಟ. ನೀರು ಸುರಿದು ಕಲಿಯಲಿಕ್ಕೆ. ಬಟ್ಟೆ ಕ್ಲಿಪ್, ಬೆರಳಿಗೆ ಬಲ ಬರಲಿಕ್ಕೆ. ಒಂದು ಹಗ್ಗ. ಖರ್ಜೂರದ ಬೀಜ ಎಣಿಸಲಿಕ್ಕೆ. ಕಪ್ಪೆಚಿಪ್ಪು ಕಡಲಲ್ಲಿ ಉಂಟು."

"ಇಷ್ಟೇಯಾ? ಇದು ಶಾಲೆಯಾ, ಗುಜರಿಯಾ?"

"ಗುಜರಿಯೇ. ಆದರೆ ಕ್ರಮ ಉಂಟು. ವಾರಕ್ಕೊಂದು ಬಟ್ಟೆಯ ಚೀಲ. ಇಪ್ಪತ್ತು ವಾರಕ್ಕೆ ಇಪ್ಪತ್ತು. ಆ ವಾರದ ಚೀಲ ಮಾತ್ರ ಬಿಚ್ಚಬೇಕು. ಎಲ್ಲವನ್ನೂ ಒಟ್ಟಿಗೆ ಕೊಟ್ಟರೆ ಮಗು ಯಾವುದನ್ನೂ ನೋಡುವುದಿಲ್ಲ."

ಶುಕ್ರವಾರ ಅಲ್ಲಿ ವಾರದ ರಜೆ; ಘಾಲಾ ಚರ್ಚಿನಲ್ಲಿ ಪೂಜೆ ಮುಗಿಸಿ ಮೂವರೂ ಅಜೈಬಾದ ಕಡಲಿಗೆ ಹೋದರು. ಚಿಪ್ಪು ಆರಿಸುವಾಗ ಕ್ಲೇಟನ್ ಏಡಿಗೆ ಹೆದರಿ ಹಾರಿದ. ಇಸಾ ಕೇಕೆ ಹಾಕಿದಳು. ವಿಲ್ಮಾ ನಕ್ಕಳು. ಆಮೇಲೆ ಅವನೂ ನಕ್ಕ... ನಗುವುದನ್ನು ಮರೆತವನು ನೆನಪು ಮಾಡಿಕೊಂಡು ನಕ್ಕಂತೆ.

ಮನೆಗೆ ಬಂದು ವಿಲ್ಮಾ ಮಗುವಿಗೊಂದು ಆಟ ತೋರಿಸಿದಳು. ಐವತ್ತು ಬೈಸಾ ನಾಣ್ಯದ ಮೇಲೆ ಕಾಗದ ಹಾಸಿ, ಬಣ್ಣದ ಕಡ್ಡಿಯನ್ನು ಅಡ್ಡ ಹಿಡಿದು ಮೆಲ್ಲಗೆ ಉಜ್ಜುವುದು. ಅಡಗಿದ್ದ ನಾಣ್ಯ ಕಾಗದದ ಮೇಲೆ ಎದ್ದು ಬರುವುದು! ಇಸಾಳಿಗೆ ಹುಚ್ಚೇ ಹಿಡಿಯಿತು. ಚಿಪ್ಪು, ಬಾಚಣಿಗೆ, ಪ್ರೆಸಿಲ್ಲಾಳ ಜಪಸರ, ಎಲ್ಲದರ ಮೇಲೂ ಕಾಗದ ಹಾಸಿ ಉಜ್ಜಿದಳು.

"ಅಡಗಿಸಿ ಇಟ್ಟದ್ದೆಲ್ಲ ಸಿಗ್ತದಲ್ಲ ಇವಳಿಗೆ," ಎಂದ ಕ್ಲೇಟನ್.

ಅವನ ಕಣ್ಣು ತನ್ನ ಮೇಲಿದ್ದದ್ದು ವಿಲ್ಮಾಳಿಗೆ ಗೊತ್ತಾಯಿತು.

'ಈ ವಯಸ್ಸಿನಲ್ಲಾ ದೇವರೇ! ಹೋಗುವವಳಿಗೆ ಯಾಕೆ ಇದನ್ನು ಕೊಡುತ್ತೀ?'

ಹೌದು, ಅದೇ ಅವಳ ಸಂಕಟ. ಪ್ಲಾನ್ ಚೆನ್ನಾಗಿ ಆದಷ್ಟೂ ಆ ಅಪ್ಪ ಮಗಳು ಅವಳಿಂದ ದೂರ ಹೋಗುವುದು ಖಂಡಿತ. ಕೆಟ್ಟರೆ ಅಪ್ಪನಿಂದ ಮಗಳು ದೂರ. ಅವಳು ಹೊಲಿಯುತ್ತಿದ್ದ ಒಂದೊಂದು ಚೀಲವೂ ಅವಳನ್ನು ಬೇಡದವಳಾಗಿ ಮಾಡುವ ಚೀಲ. ಆದರೂ ಹೊಲಿದಳು. ನೋಟ್‌ಬುಕ್ಕಿನಲ್ಲಿ ವಾರ ವಾರದ ಪ್ಲಾನನ್ನು ಪೆನ್ಸಿಲಿನಿಂದ ಒತ್ತಿ ಒತ್ತಿ ಬರೆದಳು. ಅದು ಅವಳ ಅಭ್ಯಾಸ, ಹಿಂದಿನ ಪುಟದಲ್ಲೂ ಗೆರೆ ಮೂಡುವಷ್ಟು.

ಪರಿಚಯವಾದ ನಾಲ್ಕನೆಯ ವಾರ ಕ್ಲೇಟನ್ ಬಂದು ನೋಟ್‌ಬುಕ್ ತೆರೆದ. ಓದುತ್ತ ಹೋದ ಹಾಗೆ ಅವನ ಮುಖ ಗಟ್ಟಿಯಾಗತೊಡಗಿತು.

"ಎರಡನೇ ವಾರ, ಹಗ್ಗದಾಟ. ಇಬ್ಬರು ದೊಡ್ಡವರು ಎರಡು ತುದಿ ಹಿಡಿಯಬೇಕು," ಅವನು ಗಟ್ಟಿಯಾಗಿ ಓದಿದ. "ಐದನೇ ವಾರ, ನೆರಳಿನಾಟ. ಒಬ್ಬರು ಟಾರ್ಚ್ ಹಿಡಿಯಬೇಕು, ಒಬ್ಬರು ಮಗುವಿನ ಜೊತೆ. ಎಂಟನೇ ವಾರ, ಅಂಗಡಿಯಾಟ. ಒಬ್ಬರು ಅಂಗಡಿಯವರು, ಒಬ್ಬರು ಮಗುವಿನ ಜೊತೆ ಗಿರಾಕಿ..."

ನೋಟ್‌ಬುಕ್ ಮುಚ್ಚಿದ.

"ನಾನು ಒಬ್ಬನೇ ಅಂತ ನಿಮಗೆ ಗೊತ್ತಿಲ್ವಾ ಟೀಚರ್?"

ವಿಲ್ಮಾ ಬೆಚ್ಚಿಬಿದ್ದಳು. ತಾನು ಹಾಗೆ ಬರೆದದ್ದು ಅವಳಿಗೇ ಗೊತ್ತಿರಲಿಲ್ಲ!

"ಅದು... ನರ್ಸರಿಯ ಅಭ್ಯಾಸ..."

"ಇರಲಿ. ಒಬ್ಬನಿಂದ ಆಗುವುದಿಲ್ಲ, ಮಗುವನ್ನು ಅಕ್ಕನಿಗೆ ಬಿಟ್ಟು ಹೋಗು ಅಂತ ನೇರವಾಗಿ ಹೇಳಬಹುದಿತ್ತು. ಇಷ್ಟು ಚಂದದ ಅಕ್ಷರದಲ್ಲಿ ಬರೆದು ಕೊಡಬೇಕಿರಲಿಲ್ಲ."

"ಅಯ್ಯೋ, ಹಾಗಲ್ಲ!"

"ಮತ್ತೆ ಹೇಗೆ?"

ಹೇಗೆ ಹೇಳುವುದು? ಬರೆಯುವಾಗಲೆಲ್ಲ ಕಣ್ಣೆದುರು ಬಂದದ್ದು ನಿಮ್ಮ ಮನೆ, ಹಗ್ಗದ ಒಂದು ತುದಿಯಲ್ಲಿ ನೀವು, ಇನ್ನೊಂದು ತುದಿಯಲ್ಲಿ... ಛೇ! ಹೆಣ್ಣು ಹೀಗೆಲ್ಲ ಹೇಳುತ್ತಾಳೆಯೇ? ಅದೂ ಒಂದು ತಿಂಗಳಲ್ಲಿ ಹೊರಡುವವಳು!

ಅವಳು ತಲೆ ತಗ್ಗಿಸಿದಳು. ಅವನು ಅದನ್ನೇ ಉತ್ತರವೆಂದು ತಿಳಿದ.

ಅವನು ಬಸ್ಸಿಗೆ ಹೋದ ಮೇಲೆ ಪ್ರೆಸಿಲ್ಲಾ ಮೆಲ್ಲಗೆ ಕೇಳಿದಳು. "ನಿನ್ನ ನರ್ಸರಿಯಲ್ಲಿ ಆಯಾ ಕೂಡ ಇರಲಿಲ್ಲ. ಹನ್ನೆರಡು ಮಕ್ಕಳಿಗೆ ನೀನೊಬ್ಬಳೇ ಅಲ್ವಾ ಮಾರಾಯ್ತಿ? ಇಬ್ಬರ ಅಭ್ಯಾಸ ಎಲ್ಲಿಂದ ಬಂತು?"

ವಿಲ್ಮಾ ರಬ್ಬರ್ ತೆಗೆದುಕೊಂಡು ಕುಳಿತಳು. ಪ್ರತಿ ಪುಟದಲ್ಲೂ 'ಇಬ್ಬರು' ಅಳಿಸಿದಳು. 'ಹಗ್ಗದ ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟುವುದು.' 'ಟಾರ್ಚನ್ನು ಮೇಜಿನ ಮೇಲೆ ಇಡುವುದು.' ಒಬ್ಬ ಮನುಷ್ಯನಿಗೆ ಸಾಲುವಷ್ಟು ಲೋಕವನ್ನು ಚಿಕ್ಕದು ಮಾಡಿದಳು. ಇಪ್ಪತ್ತನೆಯ ವಾರಕ್ಕೆ ಬಂದಾಗ ಕೈ ತಡೆಯಿತು. ಅಲ್ಲಿ ಒಂದೇ ಒಂದು ಪದ ಅಳಿಸಬೇಕಿತ್ತು. ಅಳಿಸಿದಳು. ಕಾಗದ ಹರಿಯುವಷ್ಟು ಉಜ್ಜಿ ಅಳಿಸಿದಳು.

ಆರನೆಯ ವಾರ ಕ್ಲೇಟನ್ ಬಂದು ಹೊಸ ಪ್ಲಾನ್ ನೋಡಿದ. ಪ್ರೆಸಿಲ್ಲಾ ನೋಡಿ ಕಣ್ಣೊರೆಸಿಕೊಂಡು "ಕರ್ಕೊಂಡು ಹೋಗು ಮಗಾ" ಎಂದಳು. ಇಪ್ಪತ್ತು ಚೀಲಗಳೂ ಕಿತ್ತಳೆ ಹಣ್ಣಿನ ಎರಡು ಪೆಟ್ಟಿಗೆಯಲ್ಲಿ ಹಿಡಿದವು.

"ಥ್ಯಾಂಕ್ಸ್ ಟೀಚರ್," ಎಂದ ಕ್ಲೇಟನ್, ಅವಳ ಮುಖ ನೋಡದೆ.

"ಟೀಚರ್ ಕಮಿಂಗ್?" ಇಸಾ ಕೇಳಿದಳು.

ಕ್ಲೇಟನ್ ಅವಳನ್ನು ಎತ್ತಿಕೊಂಡು ಬಸ್ಸಿನ ಮೆಟ್ಟಿಲೇರಿದ. ಬಸ್ಸು ಹೊರಟಿತು. ವಿಲ್ಮಾ ಬಿಸಿಲಿನಲ್ಲಿ ನಿಂತೇ ಇದ್ದಳು. ಅಳು ಕೂಡ ಬರಲಿಲ್ಲ ಅವಳಿಗೆ.

ಅಲ್ಲಿಂದ ದಿನಗಳು ಖಾಲಿ ಪೆಟ್ಟಿಗೆಗಳ ಹಾಗೆ ಒಂದರ ಮೇಲೊಂದು ಬಿದ್ದವು. ಟಿಕೆಟ್ ಬಂತು, ಶನಿವಾರಕ್ಕೆ. ವೀಸಾ ಕ್ಯಾನ್ಸಲ್ ಕಾಗದಕ್ಕೆ ಸಹಿ ಹಾಕಿದಳು. ದುಕ್ಮ್‌ನಿಂದ ಬಂದದ್ದು ಒಂದೇ ವಿಡಿಯೋ. ಕಿಟಕಿಯ ಸರಳಿಗೆ ಕಟ್ಟಿದ ಹಗ್ಗದ ಮುಂದೆ ಇಸಾ ಹಾರದೆ ನಿಂತಿದ್ದಳು.

ಹೊರಡಲು ಎರಡು ದಿನ ಇರುವಾಗ, ಗುರುವಾರ ಸಂಜೆ, ಬಾಗಿಲು ಬಡಿದ ಸದ್ದು.

ಕ್ಲೇಟನ್. ಹೆಗಲ ಮೇಲೆ ನಿದ್ದೆಗಣ್ಣಿನ ಇಸಾ. ಕೈಯಲ್ಲಿ ನೋಟ್‌ಬುಕ್.

"ಪ್ಲಾನ್ ಹಾಳಾಯ್ತು ಟೀಚರ್," ಎಂದ ಅವನು. "ಇವಳು ಹಾಳು ಮಾಡಿದಳು."

ನೋಟ್‌ಬುಕ್ ಬಿಡಿಸಿದ. ಪುಟ ಪುಟದ ಮೇಲೂ ಹಸಿರು ಬಣ್ಣದ ಕಡ್ಡಿಯನ್ನು ಅಡ್ಡ ಹಿಡಿದು ಉಜ್ಜಲಾಗಿತ್ತು. ಆ ಹಸಿರಿನ ನಡುವೆ, ಅಳಿಸಿದ್ದ ಅಕ್ಷರಗಳು ಬೆಳ್ಳಗೆ ಎದ್ದು ನಿಂತಿದ್ದವು. ಒತ್ತಿ ಬರೆದ ಗುಳಿ ಹಾಗೆಯೇ ಉಳಿದಿತ್ತು! ಇಬ್ಬರು. ಇಬ್ಬರು. ಇಬ್ಬರು.

"ಮೊದಲು ಬೈದೆ ಇವಳಿಗೆ. ಆಮೇಲೆ ಕಡೆಯ ಪುಟ ನೋಡಿದೆ."

ಇಪ್ಪತ್ತನೆಯ ವಾರ. 'ನಮ್ಮ ಮನೆ ಬಿಡಿಸುವುದು. ಮನೆಯಲ್ಲಿ ಯಾರು ಯಾರು ಇದ್ದಾರೆ? ಇಸಾ, ಪಪ್ಪಾ,' ಎಂದು ಪೆನ್ಸಿಲಿನಲ್ಲಿತ್ತು. ಅದರ ಮುಂದೆ, ಹಸಿರಿನೊಳಗೆ, ಬೆಳ್ಳಗೆ ಒಂದು ಪದ... 'ನಾನು.'

ವಿಲ್ಮಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಭೂಮಿ ಬಾಯಿ ಬಿಡಬಾರದೇ!

"ಯಾಕೆ ಅಳಿಸಿದ್ರಿ?"

"ನೀವು ಒಬ್ಬರೇ ಅಂತ ಹೇಳಿದ್ರಲ್ಲ..."

"ಸಿಟ್ಟಿನಲ್ಲಿ ಹೇಳಿದ್ದು ಮಾರಾಯ್ರೆ! ಇಬ್ಬರು ಅಂತ ಓದಿದಾಗ ನನಗೂ ನಿಮ್ಮ ಮುಖವೇ ಕಂಡದ್ದು. ಅದಕ್ಕೇ ಅಷ್ಟು ಸಿಟ್ಟು ಬಂದದ್ದು. ಹೋಗುವವರನ್ನು ಹೇಗೆ ಕೇಳುವುದು?"

"ಈಗಲೂ ಹೋಗುವವಳೇ. ಶನಿವಾರ ಫ್ಲೈಟು. ಖಲಾಸ್."

"ಗೊತ್ತು. ಎಚ್‌ಆರ್‌ನಲ್ಲಿ ಕೇಳಿ ಬಂದೆ. ಹೆಂಡತಿಯ ವೀಸಾಕ್ಕೆ ಮದುವೆಯ ಕಾಗದ ಬೇಕಂತೆ. ಅದಕ್ಕೆ ರಜೆ ಬೇಕು, ರಜೆ ಡಿಸೆಂಬರಿಗೆ. ನನ್ನ ಕಾಂಟ್ರ್ಯಾಕ್ಟ್ ಮುಗಿಯುವುದೂ ಡಿಸೆಂಬರಿಗೇ. ಮುಂದೆ ಕೊಡ್ತಾರೋ ಇಲ್ವೋ, ಹೇಳಲಿಕ್ಕಾಗುವುದಿಲ್ಲ ಅಂದರು."

"ಮತ್ತೆ ಎಂತ ಆಸೆಯಲ್ಲಿ ಬಂದದ್ದು ನೀವು?"

"ಆಸೆ ಇಟ್ಟುಕೊಂಡು ಬಂದದ್ದಲ್ಲ." ಅವನು ಮಗುವನ್ನು ಸೋಫಾದ ಮೇಲೆ ಮೆಲ್ಲಗೆ ಕೂರಿಸಿದ. "ರೋಸ್‌ಗೆ ಹೇಳಬೇಕಾದದ್ದು ಬಹಳ ಇತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹೇಳುವ ಅಂತ ಇದ್ದೆ. ಅವಳು ಬರಲಿಲ್ಲ. ಇನ್ನೊಂದು ಸಲ ಹಾಗೆ ಆಗುವುದು ಬೇಡ. ನೀವು ಬೇಕು ನನಗೆ, ವಿಲ್ಮಾ. ಆಗ್ತದೋ ಇಲ್ವೋ, ಬೇಕು ಅಂತ ಹೇಳಿ ಹೋಗಲಿಕ್ಕೆ ಬಂದೆ."

ಮೊದಲ ಸಲ ಅವನ ಬಾಯಲ್ಲಿ ತನ್ನ ಹೆಸರು! ಇಷ್ಟು ದಿನ ಬಾರದ ಅಳು ಆಗ ಬಂತು ಅವಳಿಗೆ.

ಇಸಾ ಕಣ್ಣುಜ್ಜಿಕೊಂಡು ಎದ್ದಳು. ಅಪ್ಪನ ಚೀಲಕ್ಕೆ ಕೈ ಹಾಕಿ ಹಗ್ಗ ತೆಗೆದಳು. ಒಂದು ತುದಿ ಅಪ್ಪನಿಗೆ, ಒಂದು ತುದಿ ಟೀಚರಿಗೆ. ಮಧ್ಯದಲ್ಲಿ ನಿಂತು ಕುಪ್ಪಳಿಸಿದಳು. ಒಂದು, ಎರಡು, ಮೂರು... ಹನ್ನೊಂದಾದ ಮೇಲೆ ಲೆಕ್ಕ ತಪ್ಪಿತು. ಯಾರೂ ತಿದ್ದಲಿಲ್ಲ.

"ಟೀಚರ್ ಇಂಡಿಯಾಕ್ಕೆ ಹೋದ್ರೆ ಹಗ್ಗ ರೀಚ್ ಆಗ್ತದಾ?" ಕೇಳಿತು ಮಗು.

"ಇಲ್ಲ ಪುಟ್ಟಿ," ವಿಲ್ಮಾ ಸುಳ್ಳು ಹೇಳಲಿಲ್ಲ. "ಅಷ್ಟು ಉದ್ದ ಇಲ್ಲ."

ಕ್ಲೇಟನ್ ಅಂಗಿಯ ಜೇಬಿನಿಂದ ಪೆನ್ನು ತೆಗೆದು ಅವಳ ಮುಂದೆ ಹಿಡಿದ. ನೋಟ್‌ಬುಕ್ ಇಪ್ಪತ್ತನೆಯ ವಾರಕ್ಕೆ ತೆರೆದಿತ್ತು.

"ಪೆನ್ಸಿಲ್ ಬೇಡ. ಇದರಲ್ಲಿ ಬರೀರಿ."

ಅವಳು ಪೆನ್ನು ತೆಗೆದುಕೊಂಡಳು. ಅವನ ಒರಟು ಬೆರಳು ಬಂದು ಕಾಗದದ ಅಂಚನ್ನು ಒತ್ತಿ ಹಿಡಿಯಿತು. ಹಸಿರಿನೊಳಗಿನ ಬಿಳಿ ಗುಳಿಯ ಮೇಲೆಯೇ ಅವಳು ಮೆಲ್ಲಗೆ ತಿದ್ದಿದಳು... 'ನಾನು.'

"ನಾನು ಬಾರದೇ ಹೋದರೆ?" ಕೇಳಿದಳು. "ಅವರು ವೀಸಾ ಕೊಡದಿದ್ದರೆ? ಆಗ ಇದನ್ನು ಅಳಿಸಬೇಕಾಗ್ತದೆ."

"ಅಳಿಸಿ ನೋಡಿದ್ರಲ್ಲ ಒಂದು ಸಲ," ಎಂದ ಅವನು. "ಹೋಯ್ತಾ?"