ಅಮ್ಮನ ಕಿವಿ ಯಾರ ಸ್ವತ್ತು?

"ಈ ಕಿವಿ ಯಾರದ್ರೀ? ನಮ್ಮಮ್ಮಂದೋ, ನಿಮ್ಮ ಕಂಪನೀದೋ?"

ಆಸ್ಪತ್ರೆಯ ಕಿವಿ ವಿಭಾಗದ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ಒಮ್ಮೆಗೇ ತಲೆ ಎತ್ತಿದರು. ಅವರಲ್ಲಿ ಅರ್ಧಕ್ಕರ್ಧ ಜನಕ್ಕೆ ಕಿವಿ ಕೇಳಿಸುತ್ತಿರಲಿಲ್ಲ. ಆದರೂ ಆ ಕೂಗು ಕೇಳಿಸಿತು!

ಕೂಗಿದವಳು ಅಲ್ಲಿನ ಶ್ರವಣ ತಜ್ಞೆ. ರೋಗಿಗಳ ಬಾಯಲ್ಲಿ 'ಕಿವಿ ಮೇಡಂ'. ಕೈ ಬಹಳ ಮೃದು, ಕೋಪ ಮಾತ್ರ ಮೂಗಿನ ತುದಿಯಲ್ಲೇ. ಎದುರಿಗೆ ನಿಂತಿದ್ದವನು ಕಿವಿಯಂತ್ರದ ಕಂಪನಿಯಿಂದ ಬಂದ ಇಂಜಿನಿಯರ್. ಕುತ್ತಿಗೆಯಲ್ಲಿ ಕಂಪನಿಯ ಗುರುತಿನ ಚೀಟಿ, ಬಗಲಲ್ಲಿ ಲ್ಯಾಪ್‌ಟಾಪ್. ಮುಖದಲ್ಲಿ ಮಾತ್ರ ಹೋಮ್‌ವರ್ಕ್ ಮಾಡದೆ ಸಿಕ್ಕಿಬಿದ್ದವನ ಕಳೆ.

ಅವಳ ಅಂಗೈಯಲ್ಲಿ ಅವಳ ತಾಯಿಯ ಕಿವಿಯಂತ್ರವಿತ್ತು. ಗೋಡಂಬಿಯ ಗಾತ್ರದ್ದು. ಅದು ಕೆಟ್ಟಿರಲಿಲ್ಲ. ಆದರೆ ಕಿವಿ ಇನ್ನಷ್ಟು ಮಂದವಾದ ಹಾಗೆ ಯಂತ್ರದ ದನಿಯನ್ನೂ ಅದಕ್ಕೆ ಸರಿಯಾಗಿ ಹೊಂದಿಸಬೇಕು. ಹೊಂದಿಸುವ ಸಾಫ್ಟ್‌ವೇರ್ ಕಂಪನಿಯದು. ಹಿಂದಿನ ವಾರ ಕಂಪನಿ ಅದಕ್ಕೊಂದು ಅಪ್‌ಡೇಟ್ ಕಳಿಸಿತ್ತು. ಅಂದಿನಿಂದ ಹಳೆಯ ಯಂತ್ರ ಜೋಡಿಸಿದರೆ ಪರದೆಯ ಮೇಲೆ ಒಂದೇ ಮಾತು: 'ಈ ಮಾದರಿಗೆ ಇನ್ನು ಬೆಂಬಲವಿಲ್ಲ.'

"ಮೇಡಂ, ಹೊಸ ಮಾದರಿ ತಗೊಂಡ್ರೆ..."

"ಹಳೇದಕ್ಕೆ ಏನಾಗಿದೆ? ಹೇಳಿ, ಏನಾಗಿದೆ?"

"ಏನೂ ಆಗಿಲ್ಲ."

"ಮತ್ತೆ? ಚೆನ್ನಾಗಿರೋದನ್ನ ಕಸದ ಬುಟ್ಟಿಗೆ ಹಾಕ್ಬೇಕಾ? ಇಲ್ಲಿ ಕೂತಿರೋರೆಲ್ಲ ಹಾಕ್ಬೇಕಾ?"

ಅವನು ಬೆಂಚಿನ ಕಡೆ ನೋಡಿದ. "ನೀವು ಹೇಳೋದು ಸರಿ ಮೇಡಂ," ಎಂದ, ಮೆಲ್ಲಗೆ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎದುರು ಮಾತಾಡಿದ್ದರೆ ಇನ್ನೂ ನಾಲ್ಕು ಮಾತು ಬೈಯಬಹುದಿತ್ತು. ಹೀಗೆ ಒಪ್ಪಿಕೊಂಡು ನಿಂತವನನ್ನು ಏನು ಮಾಡುವುದು?

'ಸರಿ ಅಂತೆ! ಸರಿ ಅಂತ ಗೊತ್ತಿದ್ದೂ ಆ ಕಂಪನಿ ಅನ್ನ ತಿಂತಾನಲ್ಲ... ನಾಚಿಕೆಗೆಟ್ಟವನು!'

*

ಅಮ್ಮ ಕೆಲಸದಿಂದ ನಿವೃತ್ತಳಾಗುವವರೆಗೂ ಟೆಲಿಫೋನ್ ಆಪರೇಟರ್. ತಲೆಗೆ ಹೆಡ್‌ಫೋನ್ ಹಾಕಿಕೊಂಡು, ಯಾರ ಯಾರದೋ ಮಾತನ್ನು ಯಾರ ಯಾರಿಗೋ ಮುಟ್ಟಿಸಿದ ಹೆಂಗಸು. "ಲೈನ್ ಕೊಟ್ಟಿದೀನಿ, ಮಾತಾಡಿ" ಎಂಬುದು ಮನೆಯಲ್ಲೂ ಅವಳ ಬಾಯಿಪಾಠ. ಮಗಳು ಚಿಕ್ಕಂದಿನಲ್ಲಿ ಅತ್ತು ಮೂತಿ ಉಬ್ಬಿಸಿಕೊಂಡು ಕೂತರೆ, ಎದುರಿಗೆ ಕುಕ್ಕರಗಾಲಲ್ಲಿ ಕೂತು ಅಷ್ಟೇ ಹೇಳುತ್ತಿದ್ದಳು.

ಅಂಥ ಅಮ್ಮ ಈಗ ಎಲ್ಲದಕ್ಕೂ ತಲೆಯಾಡಿಸಿ ನಗುತ್ತಾಳೆ.

"ಅಮ್ಮಾ, ಇವತ್ತು ಬಹಳ ಬೇಜಾರಾಯ್ತು. ಒಬ್ಬನ ಜೊತೆ ಜಗಳ ಆಡಿಬಂದೆ."

"ಹೌದಾ? ಒಳ್ಳೇದಾಯ್ತು ಬಿಡು."

ಮಗಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ನಲ್ಲಿ ತಿರುಗಿಸುವ ಅಗತ್ಯವಿರಲಿಲ್ಲ. ಅತ್ತರೂ ಅಮ್ಮನಿಗೆ ಕೇಳಿಸುತ್ತಿರಲಿಲ್ಲ... ಅದು ನೆನಪಾಗಿ ಇನ್ನೂ ಅಳು ಬಂತು.

ಯಂತ್ರ ಹಾಕಿದರೆ ಕುಯ್ಯೆಂದು ಸೀಟಿ ಹೊಡೆಯುತ್ತದೆಂದು ಅಮ್ಮ ಅದನ್ನು ಡಬ್ಬಿಗೆ ಹಾಕಿಟ್ಟಿದ್ದಳು. ಒಂದು ಸಣ್ಣ ತಿದ್ದುಪಡಿ ಸಾಕಿತ್ತು. ತಿದ್ದುವುದು ಮಗಳಿಗೆ ಗೊತ್ತು. ತಿದ್ದುವ ಬಾಗಿಲಿಗೆ ಮಾತ್ರ ಬೇರೆಯವರು ಬೀಗ ಹಾಕಿಕೊಂಡು ಹೋಗಿದ್ದರು.

*

ಹೊಸ ಸಾಫ್ಟ್‌ವೇರ್ ಹಾಕಲು ಇಂಜಿನಿಯರ್ ಮತ್ತೆ ಬಂದ. ಕಿವಿ ಮೇಡಂ ಅವನಿಗೆ ಕುರ್ಚಿ ತೋರಿಸಲಿಲ್ಲ. ಅವನೂ ಕೇಳಲಿಲ್ಲ, ನಿಂತೇ ಕೆಲಸ ಮಾಡಿದ. ಅದೂ ಅವಳಿಗೆ ಸಿಟ್ಟು ತರಿಸಿತು.

"ಒಳಗೆ ಏನ್ ಬರೆದಿದೀರಿ ಅಂತ ನೋಡೋಕಾದ್ರೂ ಬಿಡಿ. ತೆರೆದಿಟ್ರೆ ನಾವೇ ತಿದ್ಕೋತೀವಿ. ನಿಮ್ಮ ಕಾಲು ಹಿಡಿಯೋದು ತಪ್ಪುತ್ತೆ."

"ತೆರೆದಿಟ್ರೆ ಯಾರು ಬೇಕಾದ್ರೂ ಕೈ ಹಾಕ್ತಾರೆ ಮೇಡಂ. ಗೊತ್ತಿಲ್ದೋರು ದನಿ ವಿಪರೀತ ಏರಿಸಿದ್ರೆ ಇರೋ ಕಿವಿನೂ ಹೋಗುತ್ತೆ. ಆಗ ಯಾರು ಜವಾಬ್ದಾರಿ?"

"ಓಹೋ! ಈಗ ನೀವು ಜವಾಬ್ದಾರಿ ಹೊತ್ತಿದೀರಾ? 'ಬೆಂಬಲವಿಲ್ಲ' ಅಂತ ಬರೆದು ಓಡಿಹೋದೋರು ಯಾರು? ಬೀಗ ಹಾಕೋದು ನಿಮ್ಮ ಹಕ್ಕು ಅಂದ್ರೆ ಒಪ್ಪೋಣ. ಮನೆ ಬಿಟ್ಟು ಹೋಗುವಾಗ ಬೀಗದ ಕೈನಾದ್ರೂ ಕೊಟ್ಟು ಹೋಗ್ಬೇಕೋ ಬೇಡ್ವೋ?"

ಅವನು ಕೀಲಿಮಣೆಯ ಮೇಲಿಂದ ಕೈ ತೆಗೆದ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

"'ಇರುವೆ' ಅಂತ ಹೆಸರಿಟ್ಕೊಂಡು ಒಬ್ರು ಒಂದು ಪ್ರೋಗ್ರಾಂ ಬರೆದು ಇಂಟರ್‌ನೆಟ್ಟಲ್ಲಿ ತೆರೆದಿಟ್ಟಿದಾರೆ. ಹಳೇ ಮಾದರಿ ಅದರಲ್ಲಿ ತೆರೆಯುತ್ತೆ. ಹುಡುಕಿ ನೋಡಿ... ಮೊದಲು ಮೀಟರಿಗೆ ಹಚ್ಚಿ ದನಿ ಅಳೆದು, ಆಮೇಲೆ ಕಿವಿಗೆ ಹಾಕಿ. ದಯವಿಟ್ಟು."

"ನನ್ನ ಕೆಲಸ ನನಗೆ ಗೊತ್ತು!" ಎಂದಳು. ಅವನು ಹೊರಗೆ ಹೋದದ್ದೇ ತಡ, ಹುಡುಕಲು ಕೂತಳು.

ಸಿಕ್ಕಿತು. ಮೀಟರಿಗೆ ಹಚ್ಚಿ ಅಳೆದಳು, ಇನ್ನೊಮ್ಮೆ ಅಳೆದಳು. ಸಂಜೆ ಮನೆಗೆ ಹೋಗಿ ಅಮ್ಮನ ಕಿವಿಯ ಹಿಂದೆ ಕೂರಿಸಿದಳು. ಅಮ್ಮ ತಲೆ ಎತ್ತಿ ಮೇಲೆ ನೋಡಿದಳು.

"ಏನೇ ಇದು, ಈ ಫ್ಯಾನ್ ಇಷ್ಟು ಗಲಾಟೆ ಮಾಡುತ್ತಾ? ಎಣ್ಣೆ ಹಾಕ್ಸಬಾರ್ದಾ?"

ಮಗಳು ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿದಳು. ಈ ಸಲ ಅಮ್ಮನಿಗೆ ಅದೂ ಕೇಳಿಸಿತು.

*

ಅಲ್ಲಿಂದ ಮುಂದೆ ಬೆಂಚಿನ ಮೇಲಿದ್ದವರ ಯಂತ್ರಗಳೆಲ್ಲ ಒಂದೊಂದಾಗಿ ಬಾಯಿ ಬಿಟ್ಟವು. ಕಂಪನಿಯ ಇಂಜಿನಿಯರ್ ಮಾತ್ರ ಕೆಲಸ ಮುಗಿದ ಮೇಲೂ ಬರುತ್ತಿದ್ದ. ಒಂದು ದಿನ ತಂತಿ ಮರೆತೆನೆಂದು, ಇನ್ನೊಂದು ದಿನ ಪ್ರಿಂಟರ್ ನೋಡಬೇಕೆಂದು. ಆ ಪ್ರಿಂಟರ್ ಅವನ ಕಂಪನಿಯದೇ ಅಲ್ಲ!

ಅವಳೂ ಕಡಿಮೆಯೇನಲ್ಲ. ಬಾಗಿಲು ಕಿರ್ರೆಂದರೆ ಕತ್ತು ತಾನಾಗಿಯೇ ಆ ಕಡೆ ತಿರುಗುತ್ತಿತ್ತು. ಕುರ್ಚಿ ತೋರಿಸುತ್ತಿದ್ದಳು. ಟೀ ತರಿಸುತ್ತಿದ್ದಳು. ಟೀ ಕುಡಿಯುತ್ತಲೇ ಜಗಳ. ಜನರ ತೆರಿಗೆಯಿಂದ ನಡೆಯುವ ಆಸ್ಪತ್ರೆ ಮುಚ್ಚಿದ ಸಾಫ್ಟ್‌ವೇರ್ ಕೊಳ್ಳಬಹುದೇ ಎಂದು ಅವಳು. ತೆರೆದಿಟ್ಟದ್ದನ್ನು ಬಿಟ್ಟಿ ಸಿಕ್ಕಿತೆಂದು ಎಲ್ಲರೂ ಬಳಸುತ್ತಾರೆ, ನೋಡಿಕೊಳ್ಳುವವರು ಯಾರೂ ಇಲ್ಲ ಎಂದು ಅವನು.

"ಆ ಇರುವೆ ಯಾರೋ ಪುಣ್ಯಾತ್ಮ ಕಣ್ರೀ," ಎಂದಳು ಒಂದು ದಿನ. "ಸಿಕ್ಕಿದ್ರೆ ಕೈ ಮುಗೀತೀನಿ."

ಅವನಿಗೆ ಟೀ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದರೂ ಬಾಯಿ ಮಾತ್ರ ಬಿಡಲಿಲ್ಲ. ಅಲ್ಲೇ ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲೇ ಮುಗಿಯುತ್ತಿತ್ತು. ಕೆಲವು ಗಂಡಸರಿಗೆ ಬಾಯಿ ಇರುವುದು ಟೀ ಕುಡಿಯುವುದಕ್ಕಷ್ಟೇ!

*

ಕಂಪನಿಯ ಮ್ಯಾನೇಜರ್ ಬಂದದ್ದು ಸೋಮವಾರ. ಆಸ್ಪತ್ರೆಯ ಸೂಪರಿಂಟೆಂಡೆಂಟ್, ಅಂದರೆ ದೊಡ್ಡ ಡಾಕ್ಟರಮ್ಮನ ಕೋಣೆಗೆ ಕಿವಿ ಮೇಡಂಗೆ ಕರೆ ಬಂತು.

"ನೀವು ಬಳಸ್ತಿರೋ ಪ್ರೋಗ್ರಾಂ ಕಳ್ಳಮಾಲು ಮೇಡಂ," ಎಂದ ಮ್ಯಾನೇಜರ್, ನಗುನಗುತ್ತಲೇ. "ತೆರೆದಿಟ್ಟಿದಾರೆ, ನಿಜ. ಆದ್ರೆ ಬಳಸಬಹುದು ಅಂತ ಎಲ್ಲೂ ಬರೆದಿಲ್ಲ. ಗೇಟಿನ ಹೊರಗೆ ಸೈಕಲ್ ನಿಲ್ಸಿದ್ರೆ ಅದು ಬೀದಿಯವರದ್ದಾಗುತ್ತಾ? ಅನುಮತಿ ಬರೆಯದೆ ಇದ್ರೆ, ಬರೆದೋನನ್ನ ಬಿಟ್ಟು ಇನ್ಯಾರೂ ಮುಟ್ಟೋಹಾಗಿಲ್ಲ."

"ಆ ಇರುವೆ ಬಂದು ಕೇಳಲಿ, ಅವರಿಗೆ ಉತ್ತರ ಕೊಡ್ತೀನಿ. ನೀವ್ಯಾರು ಕೇಳೋಕೆ?"

"ಇರುವೆ ನಮ್ಮ ಹುಡುಗನೇ! ನಿಮ್ಮಲ್ಲಿಗೆ ಬರ್ತಾನಲ್ಲ, ಅವನೇ. ಶುಕ್ರವಾರ ನಿಮ್ಮ ಖರೀದಿ ಸಭೆ ಇದೆಯಲ್ಲ, ಅಷ್ಟರೊಳಗೆ ಅದನ್ನ ನಮ್ಮ ಕಂಪನಿಗೆ ಬರ್ಕೊಡ್ತಾನೆ."

'ಹುಡುಕಿ ನೋಡಿ' ಎಂದವನು ಅವನೇ. ಬರೆದವನೂ ಅವನೇ. ಬೇಕೆಂದೇ ಅನುಮತಿ ಬರೆಯದೆ ಬಿಟ್ಟು, ತನ್ನನ್ನು ಕರೆತಂದು ಬಲೆಯಲ್ಲಿ ಕೆಡವಿದ್ದಾನೆ!

ದೊಡ್ಡ ಡಾಕ್ಟರಮ್ಮ, ಶುಕ್ರವಾರದವರೆಗೆ ಪ್ರೋಗ್ರಾಂ ಮುಟ್ಟಬೇಡಿ ಎಂದರು. ಅಲ್ಲಿಗೆ ಅವಳ ನೌಕರಿಯೂ ತೂಗಾಡತೊಡಗಿತು. ಅದಕ್ಕಿಂತ ಹೆಚ್ಚಾಗಿ, ಮುಂದಿನ ಸಲ ಅಮ್ಮನ ಯಂತ್ರ ತಿದ್ದಬೇಕಾದಾಗ ಬಾಗಿಲು ಮತ್ತೆ ಮುಚ್ಚಿರುತ್ತದೆ. ಅಮ್ಮ ಮತ್ತೆ ತಲೆಯಾಡಿಸಿ ನಗುತ್ತಾಳೆ...

ಅವನು ಮೆಟ್ಟಿಲಲ್ಲೇ ಸಿಕ್ಕಿದ.

"ಮೇಡಂ, ಒಂದು ನಿಮಿಷ..."

"ಬಾಯಿ ಮುಚ್ಚಿ! ನಾನು ತರಿಸಿದ ಟೀ ಕುಡೀತಾ ಕೂತು ಬೆನ್ನಿಗೆ ಚೂರಿ ಹಾಕಿದ್ರಲ್ಲ!"

"ಬೇಕಂತ ಮಾಡಿಲ್ಲ. ನನ್ನ ತಂಗಿಗೆ ಹುಟ್ಟಿದಾಗಿಂದ ಕಿವಿ ಕೇಳ್ಸಲ್ಲ. ಅವಳಿಗೋಸ್ಕರ ಬರೆದೆ, ಈ ಕೆಲಸಕ್ಕೆ ಸೇರೋಕೂ ಮುಂಚೆ. ಬೇರೆಯವರಿಗೂ ಆಗ್ಲಿ ಅಂತ ಎಲ್ಲರ ಮುಂದೆ ಇಟ್ಟೆ. ಇಟ್ಟೆ ಅಂದ್ರೆ ಕೊಟ್ಟ ಹಾಗೇ ಅಲ್ವಾ ಅಂದ್ಕೊಂಡೆ. ಅನುಮತಿಯ ಸಾಲು ಬರೆಯೋದು... ಮರೆತೇಬಿಟ್ಟೆ."

"ಮರೆತ್ರಾ? ಸರಿ, ಮರೆತ್ರಿ. ನೀವೇ ಬರೆದಿದ್ದು ಅಂತ ನನಗೆ ಹೇಳೋದೂ ಮರೆತ್ರಾ? ಪುಣ್ಯಾತ್ಮ ಅಂದೆನಲ್ಲ ನಿಮ್ಮೆದುರಿಗೇ! ಆಗ ಬಾಯಲ್ಲಿ ಏನಿತ್ತು, ಕಡುಬಾ?"

ಅವನು ಒಂದು ಮೆಟ್ಟಿಲು ಕೆಳಗಿಳಿದ.

"ಹೋಗಿ. ಬರ್ಕೊಡಿ ನಿಮ್ಮ ಕಂಪನಿಗೆ. ನಿಮ್ಮ ಮುಖ ನೋಡಿದ್ರೆ ನನಗೆ ಉರಿಯುತ್ತೆ!"

ಉರಿಯುತ್ತಿದ್ದದ್ದು ನಿಜ. ಆದರೆ ಬರೀ ಸಿಟ್ಟಿಗೆ ಇಷ್ಟು ನೋವಾಗುವುದಿಲ್ಲ ಎಂದು ಅವಳಿಗೆ ಆ ರಾತ್ರಿ ದಿಂಬು ಒದ್ದೆಯಾದ ಮೇಲೆ ತಿಳಿಯಿತು. ತಿಳಿದದ್ದಕ್ಕೆ ಅವನ ಮೇಲೆ ಇನ್ನೂ ಸಿಟ್ಟು ಬಂತು.

*

ಶುಕ್ರವಾರದ ಸಭೆ. ಮೇಜಿನ ಒಂದು ಬದಿಗೆ ಕಂಪನಿ, ಇನ್ನೊಂದು ಬದಿಗೆ ಆಸ್ಪತ್ರೆ. ಮ್ಯಾನೇಜರ್ ಭಾಷಣ ಮುಗಿಸಿ, ಒಂದು ಕಾಗದವನ್ನು ಇಂಜಿನಿಯರ್ ಕಡೆ ತಳ್ಳಿ, ಪೆನ್ನಿನ ಕ್ಯಾಪ್ ಕೂಡ ತಾನೇ ತೆಗೆದುಕೊಟ್ಟ.

"ಸೈನ್ ಹಾಕಪ್ಪ. ಎಲ್ಲರ ತಲೆನೋವೂ ಮುಗೀಲಿ."

ಇಂಜಿನಿಯರ್ ಪೆನ್ನು ಮುಟ್ಟಲಿಲ್ಲ. ಲ್ಯಾಪ್‌ಟಾಪ್ ತೆರೆದ. ಕಿವಿ ಮೇಡಂ ಬೇಕೆಂದೇ ಕಿಟಕಿಯ ಕಡೆ ಮುಖ ಮಾಡಿದ್ದಳು. ಕೀಲಿಗಳ ಸದ್ದು ಮಾತ್ರ ಕೇಳುತ್ತಿತ್ತು.

"ಓದ್ತೀನಿ," ಎಂದ ಅವನು. "'ಈ ಪ್ರೋಗ್ರಾಂ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ತಿದ್ದಿದವರು ತಮ್ಮ ತಿದ್ದುಪಡಿಯನ್ನೂ ಹೀಗೇ ತೆರೆದಿಡಬೇಕು.' ಈಗ ಹಾಕಿದೆ. ಬಾಯಲ್ಲೂ ಹೇಳ್ತಿದೀನಿ, ಎಲ್ಲರೂ ಕೇಳಿಸ್ಕೊಳ್ಳಿ. ಇದು ನಂದು. ನಾನು ಕೊಟ್ಟೆ."

"ಏಯ್! ಕೆಲಸ ಬೇಕೋ ಬೇಡ್ವೋ ನಿನಗೆ?" ಮ್ಯಾನೇಜರನ ನಗು ಎತ್ತಲೋ ಹಾರಿಹೋಗಿತ್ತು.

ಅವನು ಕುತ್ತಿಗೆಯ ಗುರುತಿನ ಚೀಟಿ ಬಿಚ್ಚಿ ಆ ಕಾಗದದ ಮೇಲಿಟ್ಟ. "ಒಳಗಿದ್ದು ಕಂಪನೀನ ಬದಲಾಯಿಸ್ತೀನಿ ಅಂದ್ಕೊಂಡಿದ್ದೆ ಸಾರ್. ಅದು ನನ್ನನ್ನೇ ಬದಲಾಯಿಸ್ತಿತ್ತು."

ದೊಡ್ಡ ಡಾಕ್ಟರಮ್ಮ ಕನ್ನಡಕ ಒರೆಸಿಕೊಂಡರು. "ಪರೀಕ್ಷೆ ಮಾಡದೆ ನಾನು ಯಾವುದನ್ನೂ ಒಪ್ಪಲ್ಲ, ತೆರೆದದ್ದಾಗ್ಲಿ ಮುಚ್ಚಿದ್ದಾಗ್ಲಿ. ಕಿವಿ ಮೇಡಂ ಅಳೆದು ಸಹಿ ಹಾಕಿದ ಮೇಲಷ್ಟೇ ರೋಗಿಗೆ ಹಾಕ್ಬೇಕು. ಇನ್ನು ಕಂಪನಿಯವರೇ, ಮುಂದೆ ಯಾರೇ ಯಂತ್ರ ಮಾರಲಿ, ಬೆಂಬಲ ನಿಲ್ಲಿಸೋ ದಿನ ಅದನ್ನ ತೆರೆಯೋ ದಾರಿ ನಮಗೆ ಕೊಟ್ಟು ಹೋಗ್ಬೇಕು. ಖರೀದಿ ನಿಯಮದಲ್ಲಿ ಇದನ್ನ ಬರೆಸ್ತೀನಿ."

ಕಿವಿ ಮೇಡಂ ತಿರುಗಿ ನೋಡುವಷ್ಟರಲ್ಲಿ ಅವನ ಕುರ್ಚಿ ಖಾಲಿಯಾಗಿತ್ತು.

*

ಆಮೇಲೆ ಅವನ ಸುಳಿವಿಲ್ಲ. ತಂತಿ ಮರೆಯಲಿಲ್ಲ, ಪ್ರಿಂಟರ್ ನೋಡಲಿಲ್ಲ. ಕೊನೆಗೆ ಅವಳೇ ಫೋನ್ ಮಾಡಿದಳು.

"ಏನ್ರೀ, ತಲೆ ಮರೆಸ್ಕೊಂಡಿದೀರಾ?"

"ನನ್ನ ಮುಖ ನೋಡಿದ್ರೆ ಉರಿಯುತ್ತೆ ಅಂದಿದ್ರಿ..."

"ಉರಿಯುತ್ತೆ! ಅದಕ್ಕೇ ಭಾನುವಾರ ಮನೆಗೆ ಬನ್ನಿ. ಅಮ್ಮ ನಿಮ್ಮನ್ನ ನೋಡ್ಬೇಕಂತೆ."

ಬಂದ. ಅಮ್ಮ ಟೀ ಮಾಡಲು ಒಳಗೆ ಹೋದಳು. ಹಜಾರದಲ್ಲಿ ಅವರಿಬ್ಬರೇ. ಮೇಲೆ ಎಣ್ಣೆ ಹಾಕಿಸಿದ ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು.

"ಇನ್ನೂ ಕೋಪ ಇದೆಯಾ?"

"ಇದೆ. ನೀವು ಬಲೆ ಬೀಸಿಲ್ಲ ಅಂತ ಗೊತ್ತಾಯ್ತು. ಆವತ್ತು ನಿಮ್ಮ ಮಾತು ಪೂರ್ತಿ ಕೇಳದೆ ಕೂಗಾಡಿದ್ದು ನನ್ನ ತಪ್ಪು. ಆದ್ರೂ ಕೋಪ ಇದೆ."

"ಯಾಕೆ?"

"ಯಾಕಾ? ತಂತಿ ನೆಪ, ಪ್ರಿಂಟರ್ ನೆಪ... ನನಗೇನು ಕಣ್ಣಿಲ್ವಾ? ಎಲ್ಲಾನೂ ಎದುರಿಗೆ ತಂದಿಡ್ತೀರಿ. ಇಟ್ಟೆ ಅಂದ್ರೆ ಕೊಟ್ಟ ಹಾಗೆ ಅಂದ್ಕೊಂಡು ಬಾಯಿ ಮುಚ್ಕೊಂಡು ಕೂತ್ಕೋತೀರಿ. ನಾನು ಏನಂತ ತಿಳ್ಕೊಳ್ಲಿ? ನಂದು ಅಂತ ತಗೊಳ್ಳೋ ಧೈರ್ಯ ನನಗೆ ಎಲ್ಲಿಂದ ಬರುತ್ತೆ? ಬಾಯಿ ಬಿಟ್ಟು ಹೇಳದೆ ಇದ್ರೆ ಅದು ಕೊಟ್ಟ ಹಾಗಲ್ಲ ಕಣ್ರೀ!"

ಅವನು ಎದ್ದು ನಿಂತ. ಮತ್ತೆ ಕೂತ. ಕಿವಿಯ ತುದಿ ಕೆಂಪಾಗಿತ್ತು.

"ನೀವಂದ್ರೆ ನನಗೆ ಪ್ರಾಣ," ಎಂದ, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ. "ಮೊದಲ ದಿನ ಬೈದ್ರಲ್ಲ, ಆವತ್ತಿಂದ."

ಅವಳು ಉತ್ತರ ಹೇಳುವ ಮೊದಲೇ ಅಡುಗೆಮನೆಯಿಂದ ದನಿ ಬಂತು.

"ನನಗೆ ಕೇಳಿಸ್ತು!"

ಇಬ್ಬರೂ ಬೆಚ್ಚಿಬಿದ್ದರು. ಅಮ್ಮ ಟೀ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಅವಳ ಕಣ್ಣು ತುಂಬಿತ್ತು. ಬಿಳಿಗೂದಲಿನ ಮರೆಯಲ್ಲಿ ಗೋಡಂಬಿಯಂಥ ಆ ಹಳೆಯ ಯಂತ್ರ ಕಾಣುತ್ತಿತ್ತು.

"ಅಷ್ಟು ದೂರದಿಂದ ಕೇಳಿಸ್ತಾ ಅಮ್ಮಾ?" ಮಗಳ ದನಿ ಒಡೆಯಿತು. "ಅಷ್ಟು ಮೆಲ್ಲಗೆ ಹೇಳಿದ್ದು?"

"ಒಂದಕ್ಷರ ಬಿಡದೆ. ಇವನು ಹೇಳಿದ್ದಾಯ್ತು. ನಿನ್ನ ಕಡೆಯಿಂದ ಮಾತ್ರ ಇನ್ನೂ ಏನೂ ಕೇಳಿಸಿಲ್ಲ."

ಅಮ್ಮ ತಟ್ಟೆಯನ್ನು ಇಬ್ಬರ ನಡುವೆ ಇಟ್ಟಳು. ಮಗಳ ಎದುರಿಗೆ, ಹಿಂದಿನ ಹಾಗೆಯೇ, ಕುಕ್ಕರಗಾಲಲ್ಲಿ ಕೂತಳು. "ಲೈನ್ ಕೊಟ್ಟಿದೀನಿ, ಮಾತಾಡು."

ಮಗಳು ಅಳುತ್ತಲೇ ನಕ್ಕು, ಅವನ ಕಡೆ ತಿರುಗಿದಳು.

"ನಾನೂ ಅಷ್ಟೇ ಕಣ್ರೀ," ಎಂದಳು, ಬೀದಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ. "ನಾನೂ ಅಷ್ಟೇ!"