ಹದಿನಾಲ್ಕು ಗಂಟಲುಗಳು

ಜನವರಿ 13, ಸೋಮವಾರ, ಬೆಳಿಗ್ಗೆ 10.20. ದಿಲ್ಲಿಯ ದ್ವಾರಕಾ ಠಾಣೆಗೆ ಬಂದ ಕೇಶವಮೂರ್ತಿ ಕೇಂದ್ರ ಸಚಿವಾಲಯದಿಂದ ನಿವೃತ್ತರಾದವರು. ಮಾತಿನಲ್ಲಿ ಕಡತದ ಗತ್ತು ಮಾತ್ರ ಇನ್ನೂ ನಿವೃತ್ತವಾಗಿರಲಿಲ್ಲ. ಇನ್‌ಸ್ಪೆಕ್ಟರ್ ಇಂದುಶೇಖರ ಕನ್ನಡದವರೆಂದು ತಿಳಿದ ಮೇಲೆ ಕುರ್ಚಿ ಎಳೆದುಕೊಂಡರು.

“ಫ್ಲೂ ಕಣ್ಗಾವಲು ಘಟಕದವರು ಶುಕ್ರವಾರದಿಂದ ದಿನಾ ಫೋನ್ ಮಾಡಿ ಉಸಿರಾಟ ಹೇಗಿದೆ ಅಂತ ಕೇಳ್ತಾರೆ. ನನಗೆ ಇನ್‌ಫ್ಲುಯೆಂಜಾ ಅಂತೆ. ನೆಗಡಿಯೂ ಇಲ್ಲ ನೋಡಿ.”

“ಗಂಟಲಿನ ಸ್ವಾಬ್ ಕೊಟ್ಟಿದ್ರಾ?”

“ಇಲ್ಲ. ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಹದಿನಾಲ್ಕು ಜನ ಕನ್ನಡದವರಿಗೆ ಹೀಗೇ ಆಗಿದೆ. ಯಾರೂ ಕೊಟ್ಟಿಲ್ಲ.”

11.15ಕ್ಕೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಇಂದುಶೇಖರ, ಹೆಡ್ ಕಾನ್‌ಸ್ಟೇಬಲ್ ಕಿಶನ್ ಜೊತೆ ಫ್ಲೂ ಕಣ್ಗಾವಲು ಘಟಕಕ್ಕೆ ಹೋದರು. ಅಲ್ಲಿನ ಡಾ. ಅಮಿತಾ ದಿಲ್ಲಿಯಲ್ಲೇ ಬೆಳೆದ ಕನ್ನಡತಿ.

“ಲ್ಯಾಬ್‌ನಲ್ಲಿ ಸ್ವಾಬ್ ಅದಲುಬದಲಾಗಿರಬಹುದಾ?”

“ನಹೀಂ ಸರ್. ಎರಡು ಸಲ ನೋಡಿದ್ದೀವಿ. ಹದಿನಾಲ್ಕೂ ಬೇರೆಬೇರೆ ಜನರ ಗಂಟಲು, ಎಲ್ಲದರಲ್ಲೂ ಒಂದೇ ವೈರಸ್.”

“ಹಾಗಾದರೆ ಕಾಯಿಲೆ ಬಿದ್ದವರು?”

“ಎಲ್ಲೋ ಇದ್ದಾರೆ. ಬೇಗ ಔಷಧಿ ಸಿಗದಿದ್ರೆ ಉಳಿಯೋದು ಕಷ್ಟ.”

ಸೊಸೈಟಿಯಲ್ಲಿ ಮಂಜು ಮೂರನೇ ಮಹಡಿಯವರೆಗೆ ತುಂಬಿಕೊಂಡಿತ್ತು. ಇಬ್ಬರೂ ಹದಿನಾಲ್ಕು ಬಾಗಿಲು ತಟ್ಟಿದರು. ಪ್ರತಿ ಬಾಗಿಲಲ್ಲೂ ಒಂದು ಆರೋಗ್ಯವಂತ ಮುಖ. ಅದೇ ಹೆಸರು ಹೊತ್ತ ಇನ್ನೊಬ್ಬರು ಎಲ್ಲೋ ಏದುಸಿರು ಬಿಡುತ್ತಿದ್ದರು. ಒಂಬತ್ತನೇ ಬಾಗಿಲಿನಿಂದ ಹಿಂದಿರುಗುವಾಗ ಕಿಶನ್ ಮಾಸ್ಕ್ ಬಿಗಿ ಮಾಡಿಕೊಂಡ. “ಸಾಬ್, ಯೇ ಭೂತೋಂ ಕಾ ಕೇಸ್ ಹೈ,” ಎಂದ. ದೆವ್ವಗಳ ಕೇಸು ಎಂಬ ಮಾತು ಕೇಳಿಯೂ ಇಂದುಶೇಖರ ಹತ್ತನೇ ಬಾಗಿಲು ತಟ್ಟಿದರು.

ಸ್ವಾಬ್‌ಗಳ ಜೊತೆ ಘಟಕಕ್ಕೆ ಬಂದಿದ್ದ ಫಾರಂಗಳನ್ನು ಮತ್ತೆ ತೆರೆದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಹದಿನಾಲ್ಕು ಹೆಸರುಗಳ ಮುಂದೆಯೂ ಊರಿನ ಹೆಸರು ಪೂರ್ತಿಯಾಗಿ ಇತ್ತು. ‘ಹೊಳಲ್ಕೆರೆ ಕೇಶವಮೂರ್ತಿ’, ‘ತಿಪಟೂರು ಶಾಂತಮ್ಮ’. ದಿಲ್ಲಿಯ ಕಚೇರಿಗಳು ಹೆಸರಿನ ಮುಂದಿನ ಊರನ್ನು ಎಂದೋ ನುಂಗಿ, ಬರೀ ಇನಿಷಿಯಲ್ ಉಳಿಸಿರುತ್ತವೆ.

“ನಿಮ್ಮ ಊರಿನ ಹೆಸರು ಇಲ್ಲಿ ಯಾವ ಕಾಗದದಲ್ಲಿದೆ?” ಎಂದು ಕೇಶವಮೂರ್ತಿಯವರನ್ನು ಫೋನಿನಲ್ಲಿ ಕೇಳಿದರು.

“ಆಧಾರ್‌ನಲ್ಲೂ ಇಲ್ಲ. ನಮ್ಮ ಕನ್ನಡ ಕೂಟದ ಡೈರೆಕ್ಟರಿಯಲ್ಲಿ ಮಾತ್ರ ಹಾಗೆ ಹಾಕ್ತೀವಿ, ಯಾವ ಕಡೆಯವರು ಅಂತ ಗೊತ್ತಾಗಲಿ ಅಂತ.”

ಆ ಡೈರೆಕ್ಟರಿಯಲ್ಲಿ ಪೃಥ್ವಿ ಎಂಬವನ ಹೆಸರೂ ಇತ್ತು. ಗ್ರೇಟರ್ ನೋಯ್ಡಾದ ಮನೆ. ಫಾರಂಗಳ ಪ್ರಕಾರ ಹದಿನಾಲ್ಕೂ ಸ್ವಾಬ್‌ಗಳು ಹೊರಟ ದ್ವಾರಕಾದ ಸರ್ಕಾರಿ ಡಿಸ್ಪೆನ್ಸರಿಯಲ್ಲೇ ಲ್ಯಾಬ್ ಟೆಕ್ನೀಷಿಯನ್ ಕೆಲಸ.

ಸಂಜೆ 4.30, ಡಿಸ್ಪೆನ್ಸರಿಯ ಲ್ಯಾಬ್.

“ಯಾರ ಸ್ವಾಬ್ ಅವು?” ಇಂದುಶೇಖರ ಕೇಳಿದರು.

ಪೃಥ್ವಿ ಒರೆಸಿದ ಮೇಜನ್ನೇ ಮತ್ತೆ ಒರೆಸಿದ.

“ಮೊದಲು ಆಂಬುಲೆನ್ಸ್ ತರಿಸಿ ಸರ್. ದಾರೀಲಿ ಹೇಳ್ತೀನಿ.”

ಅವನ ಅಪಾರ್ಟ್‌ಮೆಂಟಿನ ಹಿಂದೆ, ಅರ್ಧ ಕಟ್ಟಿದ ಟವರ್‌ನ ಬುಡದಲ್ಲಿ ಕೂಲಿಗಳ ತಗಡಿನ ಶೆಡ್ಡುಗಳಿದ್ದವು. ಸ್ಥಳೀಯ ಠಾಣೆಗೆ ತಿಳಿಸಿ 7.10ಕ್ಕೆ ಅಲ್ಲಿ ಇಳಿದಾಗ ಒಂದು ಒಲೆಯೂ ಉರಿಯುತ್ತಿರಲಿಲ್ಲ. ನಾಯಿಗಳೂ ಬೊಗಳಲಿಲ್ಲ. ಒಂದು ಶೆಡ್ಡಿನಲ್ಲಿ ಕೆಮ್ಮು ನಿಂತರೆ ಪಕ್ಕದ್ದರಲ್ಲಿ ಶುರುವಾಗುತ್ತಿತ್ತು. ಆಂಬುಲೆನ್ಸ್ ಜೊತೆ ಬಂದಿದ್ದ ಅಮಿತಾ ಟಾರ್ಚ್ ಹಿಡಿದು ಒಂದೊಂದೇ ತಗಡು ಸರಿಸುತ್ತ ಹೋದರು. ಹನ್ನೆರಡು ಜನ ಜೀವಂತವಾಗಿ ಸಿಕ್ಕರು. ಕೊನೆಯ ಶೆಡ್ಡಿನಲ್ಲಿ ಒಬ್ಬ ಹೆಂಗಸು ಮತ್ತು ಅವಳ ಪಕ್ಕದಲ್ಲೇ ಎಂಟು ವರ್ಷದ ಮಗಳು ಸತ್ತು ಮಲಗಿದ್ದರು.

ಪಂಚನಾಮೆ ಬರೆಯುವಾಗ ಪೃಥ್ವಿ ತಾನಾಗಿ ಹೇಳಿದ. ಮೊದಲು ಈ ಕೂಲಿಗಳ ಹೆಸರಿನಲ್ಲೇ ಸ್ವಾಬ್ ಕಳಿಸಿದ್ದ. ನೋಯ್ಡಾ ದಿಲ್ಲಿಗೆ ಸೇರಿಲ್ಲ, ಬೇರೆ ರಾಜ್ಯ, ವಿಳಾಸದ ಪುರಾವೆಯೂ ಇಲ್ಲ ಎಂದು ಮೂರು ಸಲ ಫಾರಂ ವಾಪಸು ಬಂತು. ಇಲ್ಲಿನ ಆಸ್ಪತ್ರೆಗೆ ಬರೆದ ಪತ್ರಕ್ಕೆ ಉತ್ತರವೇ ಬರಲಿಲ್ಲ. ಡೈರೆಕ್ಟರಿಯ ಹೆಸರು ಹಾಕಿದ ಮೇಲೆ ಮರುದಿನವೇ ಪರೀಕ್ಷೆಯಾಗಿ, ಗುರುವಾರ ರಿಪೋರ್ಟ್ ಬಂತು.

“ರಿಪೋರ್ಟ್ ಬಂದ ತಕ್ಷಣ ನಿಜ ಹೇಳೋಣ ಅಂತಲೇ ಇದ್ದೆ ಸರ್.”

ಅಮಿತಾಗೆ ಸಿಟ್ಟು ತಡೆಯಲಾಗಲಿಲ್ಲ. “ಶುಕ್ರವಾರ ಒಂದು ಫೋನ್ ಮಾಡಿದ್ರೆ ಇವರಿಬ್ಬರೂ ಉಳೀತಿದ್ರು. ಯಾಕೆ ಮಾಡ್ಲಿಲ್ಲ?”

ಪೃಥ್ವಿ ಶೆಡ್ಡಿನ ಕಡೆ ನೋಡಲಿಲ್ಲ.

“ಶುಕ್ರವಾರ ನನ್ನ ಕೆಲಸ ಖಾಯಂ ಆಯ್ತು ಮೇಡಂ. ಆರ್ಡರ್ ಕೈಗೆ ಬಂತು. ಹನ್ನೊಂದು ವರ್ಷದಿಂದ ಕಾದಿದ್ದೆ.”

ರಾತ್ರಿ 8.05ಕ್ಕೆ ಇಂದುಶೇಖರ ಬಂಧನದ ಪತ್ರಕ್ಕೆ ಅವನಿಂದ ಸಹಿ ಹಾಕಿಸಿಕೊಂಡರು.