ಅವನು ಮುಟ್ಟದ ಮೀನು

"ಅಯ್ಯೋ! ನನ್ನ ಕೂದಲು!"

ಕುವೈತಿನ ಎಗೈಲಾದ ಕಡಲ ದಂಡೆಯಲ್ಲಿ ಬ್ರೆಂಡಾ ಹಾಕಿದ ಕೂಗಿಗೆ, ಪಕ್ಕದಲ್ಲಿದ್ದ ಗೆಳತಿ ಮೊಲ್ಲಿಯ ಅರ್ಧ ಲೋಟ ಚಹಾ ಮರಳಿಗೆ ಚೆಲ್ಲಿತು.

ಬ್ರೆಂಡಾಳ ಜಡೆಗೆ ಉದ್ದನೆಯ ಹಳದಿ ದಾರವೊಂದು ಸುತ್ತಿಕೊಂಡಿತ್ತು. ದಾರದ ಆ ಕಡೆಯಿಂದ, ತೆಳ್ಳನೆಯ ಗಾಳದ ಕೋಲು ಹಿಡಿದ ಯುವಕನೊಬ್ಬ ಓಡಿ ಬರುತ್ತಿದ್ದ.

"ಸಾರಿ, ಸಾರಿ! ಅಲ್ಲಾಡಬೇಡಿ, ಬಿಡಿಸ್ತೀನಿ."

ಕನ್ನಡ! ಆದರೂ ಅವಳ ಸಿಟ್ಟು ಇಳಿಯಲಿಲ್ಲ.

"ಗಾಳ ಕಣ್ಣಿಗೆ ಚುಚ್ಚಿದ್ರೆ ಎಂತ ಮಾಡುದು ಮಾರಾಯ್ರೆ?"

"ಗಾಳ ಇಲ್ಲ ರೀ. ತುದಿಗೆ ಬರೀ ಉಣ್ಣೆ ಕಟ್ಟಿದೀನಿ. ಇದು ಪ್ರಾಕ್ಟೀಸ್ ಅಷ್ಟೇ."

"ಗಾಳ ಇಲ್ಲದೆ ಮೀನು ಹಿಡಿಯುದಾ? ಮೀನೆಲ್ಲಿ?"

ಅವನು ತಲೆ ಕೆರೆದುಕೊಂಡ. "ಮೀನು... ಜಾರ್ಜಿಯಾ ದೇಶದಲ್ಲಿದೆ."

ಮೊಲ್ಲಿ ಬಿದ್ದು ಬಿದ್ದು ನಕ್ಕಳು. ಬ್ರೆಂಡಾ ಮುಖ ಗಂಟು ಹಾಕಿಕೊಂಡೇ ಇರಲು ನೋಡಿದಳು, ಆಗಲಿಲ್ಲ. ಒಂದು ಕೂದಲೂ ಎಳೆಯದ ಹಾಗೆ ಅವನು ಜಡೆಯಿಂದ ದಾರ ಬಿಡಿಸುವುದನ್ನು ಅವಳು ಓರೆಗಣ್ಣಿನಲ್ಲಿ ನೋಡಿದಳು.

ಅವನ ಹೆಸರು ಲೆಸ್ಟರ್. ಕುವೈತ್ ಸಿಟಿಯ ಬ್ಯಾಂಕೊಂದರಲ್ಲಿ ಕೆಲಸ. ಬೆಳೆದದ್ದು ಮೈಸೂರಿನಲ್ಲಿ. ಮನೆಮಾತು ಕೊಂಕಣಿಯಾದರೂ ಎರಡನೇ ವಾಕ್ಯಕ್ಕೇ ಎಡವುತ್ತಿದ್ದ. ಬ್ರೆಂಡಾ ಮಂಗಳೂರಿನವಳು, ಕುವೈತಿನದೇ ಜಾಬ್ರಿಯಾ ಬಡಾವಣೆಯ ಹಲ್ಲಿನ ಕ್ಲಿನಿಕ್ಕಿನಲ್ಲಿ ಡಾಕ್ಟರರ ಸಹಾಯಕಿ. ಹಾಗಾಗಿ ಇಬ್ಬರ ನಡುವೆ ಕನ್ನಡವೇ ಗಟ್ಟಿಯಾಯಿತು. ಆ ಚಳಿಗಾಲದಲ್ಲಿ ವಾರದ ರಜೆಯ ಶುಕ್ರವಾರ ಬಂತೆಂದರೆ ಅವಳಿಗೆ ಎಗೈಲಾದ ಮಾಲ್‌ನಲ್ಲಿ ಏನಾದರೊಂದು ಕೊಳ್ಳುವುದಿರುತ್ತಿತ್ತು. ಮಾಲ್‌ಗೆ ಹೋದವಳು ದಂಡೆಗೂ ಹೋಗುತ್ತಿದ್ದಳು!

"ಚಳಿಗೆ ಟ್ರೌಟ್ ಮೀನು ಹೊಳೆಯ ತಳದಲ್ಲಿ ಸುಮ್ಮನೆ ಮಲಗಿರುತ್ತೆ," ಅವನು ಹೇಳುತ್ತಿದ್ದ. "ಗರಿ, ದಾರದಲ್ಲಿ ಕಟ್ಟಿದ ನಕಲಿ ಹುಳುನ ಅದರ ಮೂತಿ ಹತ್ತಿರವೇ ತೇಲಿಸ್ಬೇಕು. ಸ್ವಲ್ಪ ಎಳೆದ್ರೂ ಕೆಟ್ಟಿತು."

"ನಮ್ಮಲ್ಲಿ ಬಲೆ ಹಾಕಿದ್ರೆ ಆಯ್ತು. ನಿಮ್ಮದೆಂತ ಇಷ್ಟು ನಾಜೂಕು?"

ಎರಡು ಚಳಿಗಾಲ ಜಾರ್ಜಿಯಾದ ಬೆಟ್ಟದ ಹೊಳೆಗೆ ಹೋಗಿ ಬರಿಗೈಯಲ್ಲಿ ಬಂದವನು ಅವನು. ಅದನ್ನು ನಗುತ್ತಲೇ ಹೇಳಿದ್ದ. ಬ್ರೆಂಡಾ ಮಾತ್ರ ಚರ್ಚಿನಲ್ಲಿ ಮೊಣಕಾಲೂರಿ, 'ದೇವರೇ, ಈ ಸಲ ಇವನಿಗೊಂದು ಮೀನು ಸಿಗಲಿ' ಎಂದು ಬೇಡಿಕೊಂಡಳು.

ಫೆಬ್ರವರಿ ಕೊನೆಯ ರಜೆಗೆ ಎಲ್ಲರೂ ಜಾರ್ಜಿಯಾಕ್ಕೆ ಹೊರಟರು. ಬ್ರೆಂಡಾ ಇದ್ದದ್ದು ತಾಯಿಯ ತಂಗಿ ರೆಜಿನಾ ಮಾವ್ಶಿಯ ಮನೆಯಲ್ಲಿ. ಮದುವೆಯಾಗದ ಹುಡುಗಿಯನ್ನು ಒಂಟಿಯಾಗಿ ಕಳಿಸುವುದುಂಟೇ? ಮಾವ್ಶಿಯೂ ಹೊರಟರು. ಜೊತೆಗೆ ಮೊಲ್ಲಿ, ಸೂಟ್‌ಕೇಸಿನಲ್ಲಿ ಮೀನಿನ ಮಸಾಲೆಯ ಡಬ್ಬಿ.

ಹೊಳೆಯ ದಡದಲ್ಲಿ ಹಿಮ. ಲೆಸ್ಟರ್ ಬೆಳಿಗ್ಗೆಯಿಂದ ತೊಡೆಮಟ್ಟ ನೀರಿನಲ್ಲಿ ನಿಂತಿದ್ದ. ಮಧ್ಯಾಹ್ನದ ಹೊತ್ತಿಗೆ ಕೋಲು ಬಾಗಿತು. ಮೈಮೇಲೆ ಕೆಂಪು ಚುಕ್ಕೆಯ ಮೀನು! ಅವನು ಅದನ್ನು ಬಲೆಚೀಲದಲ್ಲೇ ಇಟ್ಟು, ಚೀಲವನ್ನು ತಣ್ಣೀರಿನಲ್ಲಿ ಮುಳುಗಿಸಿದ.

"ಇಲ್ಲೇ ಇರಿ! ಹೊಳೆ ನೋಡ್ಕೊಳ್ಳೋ ತಾತನ್ನ ಕರ್ಕೊಂಡು ಬರ್ತೀನಿ. ಎರಡು ವರ್ಷದಿಂದ ನನ್ನ ನೋಡಿ ನಗ್ತಿದ್ರು ಅವರು!"

ತಾತನ ಮನೆ ಗುಡ್ಡದ ಆಚೆಗಿತ್ತು.

ಬ್ರೆಂಡಾ ಕಾದಳು. 'ಪಾಪ, ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲ...' ಮಂಗಳೂರಿನ ಹುಡುಗಿಗೆ ಹಸಿ ಮೀನು ಕಂಡ ಮೇಲೆ ಕೈ ಸುಮ್ಮನಿರುತ್ತದೆಯೇ? ಚಹಾಕ್ಕೆಂದು ತಂದ ಗ್ಯಾಸ್ ಒಲೆ ಇತ್ತು, ಮಸಾಲೆ ಇತ್ತು. ಲೆಸ್ಟರ್ ತಾತನ ಜೊತೆ ಬರುವಾಗ ಮೀನು ತಟ್ಟೆಯಲ್ಲಿ ಘಮ್ಮೆನ್ನುತ್ತಿತ್ತು.

"ಮೊದಲ ತುಂಡು ಹಿಡಿದವರಿಗೆ," ಎಂದು ತಟ್ಟೆ ನೀಡಿದಳು. ಕೆನ್ನೆ ಕೆಂಪಾಗಿತ್ತು.

ಲೆಸ್ಟರ್ ತಟ್ಟೆಯನ್ನೇ ನೋಡಿದ. ಮುಖದ ರಕ್ತ ಇಳಿದುಹೋಯಿತು.

"ನಂಗೆ... ಬೇಡ."

ತಾತ ತನ್ನ ಭಾಷೆಯಲ್ಲಿ ಜೋರಾಗಿ ಏನೋ ಹೇಳಿದರು. ಲೆಸ್ಟರ್ ಎದೆ ಮುಟ್ಟಿ ತನ್ನನ್ನೇ ತೋರಿಸಿಕೊಳ್ಳುತ್ತ ಅವರ ಹಿಂದೆಯೇ ಹೋದ. ವಾಪಸು ಬರುವಾಗ ವಿಮಾನದಲ್ಲೂ ಅವನು ದೂರದ ಸೀಟಿನಲ್ಲಿ ಕುಳಿತ.

"ಹುಡುಗಿ ಬಡಿಸಿದ ಮೀನು ಮುಟ್ಟದೆ ಹೋದ ಅಂದ್ರೆ ಸಂಬಂಧ ಖಲಾಸ್," ಎಂದರು ರೆಜಿನಾ ಮಾವ್ಶಿ. "ಬೇರೆ ಎಂತ ಅರ್ಥ ಉಂಟು ಅದಕ್ಕೆ?"

ಬ್ರೆಂಡಾಳಿಗೂ ಬೇರೆ ಅರ್ಥ ಹೊಳೆಯಲಿಲ್ಲ. ಅತ್ತಳು. ನಾಲ್ಕು ಜನರ ಎದುರು ತಟ್ಟೆ ಹಿಡಿದು ನಿಂತದ್ದು ನೆನಪಾದಾಗಲೆಲ್ಲ ಮೈ ಬಿಸಿಯಾಗುತ್ತಿತ್ತು. ಅವನು ಫೋನ್ ಮಾಡಲಿಲ್ಲ. 'ನಾನೇಕೆ ಮಾಡಬೇಕು?' ಎಂದು ಅವಳೂ ಮಾಡಲಿಲ್ಲ.

ತಿಂಗಳೊಳಗೆ ಊರಿನಿಂದ ಡೊಮಿನಿಕ್ ಎಂಬವನ ಸಂಬಂಧ ಬಂತು. ಭಾನುವಾರ ಉತ್ತರ ಹೇಳಬೇಕು. 'ಹೂಂ ಅಂದುಬಿಡುತ್ತೇನೆ' ಎಂದು ಬ್ರೆಂಡಾ ನಿರ್ಧರಿಸಿದಳು. ನಿರ್ಧರಿಸಿದ ಮೇಲೂ ನಿದ್ದೆ ಬರಲಿಲ್ಲ.

ಶನಿವಾರ ಬೆಳಿಗ್ಗೆ ಕ್ಲಿನಿಕ್ಕಿನ ಕುರ್ಚಿಯಲ್ಲಿ ಬಂದು ಒರಗಿದ ರೋಗಿಯನ್ನು ನೋಡಿ ಅವಳು ಕೈಯಲ್ಲಿದ್ದ ಟ್ರೇಯನ್ನು ಪಕ್ಕಕ್ಕಿಟ್ಟಳು.

ಲೆಸ್ಟರ್!

ಡಾಕ್ಟರ್ ದವಡೆಗೆ ಇಂಜೆಕ್ಷನ್ ಕೊಟ್ಟು, ಹತ್ತಿ ಇಟ್ಟು, ಮರಗಟ್ಟಲಿ ಎಂದು ಪಕ್ಕದ ಕೋಣೆಗೆ ಹೋದರು. ಕೋಣೆಯಲ್ಲಿ ಇಬ್ಬರೇ.

"ಸಿಟಿಯಲ್ಲಿ ಹಲ್ಲಿನ ಡಾಕ್ಟರ್ ಇಲ್ವಾ?" ಬ್ರೆಂಡಾ ಗೋಡೆ ನೋಡುತ್ತ ಕೇಳಿದಳು.

ಇದ್ದಾರೆ ಎಂದು ಅವನು ತಲೆಯಾಡಿಸಿದ.

"ಮತ್ತೆ ಇಲ್ಲಿಗೆ ಎಂತಕ್ಕೆ ಬಂದದ್ದು? ನಾನು ಮಾಡಿದ್ದು ತಿನ್ಲಿಕ್ಕೂ ಆಗ್ಲಿಲ್ಲ ನಿಮಗೆ. ಇಷ್ಟ ಇಲ್ದಿದ್ರೆ ಬಾಯಲ್ಲಿ ಹೇಳ್ಬಹುದಿತ್ತು..."

ಲೆಸ್ಟರ್ ಬಾಯಿಂದ ಹತ್ತಿ ತೆಗೆದ.

"ಬ್ರೆಂಡಾ, ಅದು ವಾಪಸ್ ಬಿಡೋಕೆ ಇಟ್ಟಿದ್ದ ಮೀನು."

"ಎಂತ? ಹಿಡಿದ ಮೀನು ಬಿಡುದಾ! ಮತ್ತೆ ಹಿಡಿಯುದು ಎಂತಕ್ಕೆ?"

"ಹಿಡಿಯೋದಕ್ಕೇ." ಮರಗಟ್ಟಿದ ತುಟಿಯಲ್ಲೇ ಅವನು ನಕ್ಕ. "ಆ ಹೊಳೆಯಲ್ಲಿ ಮೀನು ಕಮ್ಮಿ. ಒಂದನ್ನೂ ಕೊಲ್ಲಲ್ಲ ಅಂತ ತಾತಂಗೆ ಮಾತು ಕೊಟ್ಟಿದ್ದೆ. ಕೈಗೆತ್ತಿ ತೋರಿಸಿ, ನೀರಿಗೆ ಬಿಡೋಣ ಅಂತ ಅವರನ್ನ ಕರೆಯೋಕೆ ಹೋದೆ..."

ಬ್ರೆಂಡಾ ಸ್ಟೂಲ್ ಎಳೆದು ಅವನ ಹತ್ತಿರ ಕುಳಿತಳು. ತಾನು ಕೈಯಾರೆ ಮಸಾಲೆ ಸವರಿದ್ದು ಕಣ್ಣಮುಂದೆ ಬಂತು.

"ತಾತ ಎಂತ ಹೇಳಿದ್ರು?"

"ಇನ್ಮೇಲೆ ಇಲ್ಲಿಗೆ ಬರಬೇಡ ಅಂದ್ರು. ನಾನೇ ಹುರಿಯೋಕೆ ಹೇಳಿದ್ದು ಅಂದೆ."

"ಅಯ್ಯೋ ದೇವರೇ! ನನಗೆ ಅಲ್ಲೇ ಹೇಳ್ಬಹುದಿತ್ತಲ್ಲ!"

"ಅಷ್ಟು ಖುಷಿಯಲ್ಲಿ ತಟ್ಟೆ ಹಿಡ್ಕೊಂಡು ನಿಂತಿದ್ರಿ. ಹೇಗೆ ಹೇಳಲಿ? ತಿನ್ನೋಕೂ ಮನಸ್ಸು ಬರಲಿಲ್ಲ. ಆಮೇಲೆ ನಿಮ್ಮ ಮುಖ ನೋಡಿ, ಬೇಜಾರಾಗಿದೆ, ಫೋನ್ ಎತ್ತಲ್ಲ ಅಂದ್ಕೊಂಡೆ."

"ಮಾಡಿಯೇ ನೋಡ್ಲಿಲ್ಲ ನೀವು!"

"ದಡ್ಡ ನಾನು." ಅವನ ದನಿ ಇಳಿಯಿತು. "ನಿನ್ನೆ ಮೊಲ್ಲಿ ಸಿಕ್ಕಿದ್ರು. ನಾಳೆ ನೀವು ಆ ಡೊಮಿನಿಕ್‌ಗೆ ಹೂಂ ಅಂತೀರಂತೆ. ಅನ್ನಬೇಡಿ, ಬ್ರೆಂಡಾ. ನಂಗೆ ನೀವು ಬೇಕು. ಹೊಳೆ ಬೇರೆ ಎಲ್ಲಾದ್ರೂ ಸಿಗುತ್ತೆ."

ಅವಳ ಕಣ್ಣೀರು ಮಾಸ್ಕಿನೊಳಗೆ ಇಳಿಯಿತು.

"ಹಲ್ಲು ನಿಜವಾಗ್ಲೂ ನೋಯ್ತಾ ಉಂಟಾ, ಅಥವಾ ನಾಟಕವಾ?"

"ಒಂದು ತಿಂಗಳಿಂದ ನೋಯ್ತಿದೆ. ಧೈರ್ಯ ಬಂದಿದ್ದು ಇವತ್ತು."

ಬ್ರೆಂಡಾ ಒಂದು ಗ್ಲೌಸ್ ಕಿತ್ತೆಸೆದು ಫೋನ್ ತೆಗೆದಳು.

"ಮಾವ್ಶಿ, ಡೊಮಿನಿಕ್‌ನ ಮನೆಯವರಿಗೆ ಬೇಡ ಅಂತ ಹೇಳಿ... ಎಂತಕ್ಕೆ ಅಂದ್ರೆ, ಹುಡುಗ ಸಿಕ್ಕಿದ್ದಾನೆ... ಈಗಲಾ? ಈಗ ಇಲ್ಲೇ ಕುರ್ಚಿಯಲ್ಲಿ ಇದ್ದಾನೆ. ಹಲ್ಲು ಕೀಳ್ಸಿ ಕರ್ಕೊಂಡು ಬರ್ತೇನೆ."

ಬಾಗಿಲ ಹೊರಗೆ ಡಾಕ್ಟರರ ಹೆಜ್ಜೆ ಕೇಳಿಸಿತು. ಅವಳು ಲಗುಬಗೆಯಿಂದ ಅವನ ಬಾಯಿಗೆ ಹೊಸ ಹತ್ತಿ ಇಟ್ಟಳು. ಅವನ ಕೈ ತಣ್ಣಗಿತ್ತು.

"ಕೀಳೋದಾ?" ಹತ್ತಿಯ ಸಂದಿಯಿಂದಲೇ ಲೆಸ್ಟರ್ ಗಾಬರಿಯಿಂದ ಕೇಳಿದ.

"ಹೆದರಬೇಡ," ಅವಳು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನಾನು ಬಿಡುದಿಲ್ಲ."